ಮನೆ ನಡೆಸುವವರೇ ಜ್ವರದಿಂದ ಮಲಗಿದಾಗ: ಆ ಹತ್ತು ದಿನಗಳ ಮನೆವಾರ್ತೆ

ಮಳೆಗಾಲ ಆರಂಭವಾದೊಡನೆ ಓದುಗರಿಂದ ಒಂದೇ ಬಗೆಯ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಾರೆ, ಮಕ್ಕಳು ಶಾಲೆಗೆ ಹೋಗುತ್ತಾರೆ, ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವ ಅತ್ತೆಯೋ ಮಾವನೋ ಇದ್ದಾರೆ; ಇಂಥ ಮನೆಯಲ್ಲಿ ಒಬ್ಬರು ಜ್ವರ ಬಂದು ಮಲಗಿದರೆ ಎರಡನೆಯ ದಿನಕ್ಕೇ ಎಲ್ಲವೂ ಅಸ್ತವ್ಯಸ್ತವಾಗುತ್ತದೆ, ಏನು ಮಾಡಬೇಕು ಎಂಬುದೇ ಆ ಪ್ರಶ್ನೆ. ಮಲಗಿದವರು ಮನೆಯ ಗೃಹಿಣಿಯಾಗಿದ್ದರೆ ತೊಂದರೆ ಇಮ್ಮಡಿಯಾಗುತ್ತದೆ. ಹಾಲಿನವನ ಲೆಕ್ಕ, ನೀರು ಬಿಡುವ ದಿನ, ಮಕ್ಕಳ ಪರೀಕ್ಷೆಯ ದಿನಾಂಕ, ಅತ್ತೆಯ ಮಾತ್ರೆಯ ಹೊತ್ತು ಎಲ್ಲವೂ ನಮ್ಮ ಬಹುಪಾಲು ಮನೆಗಳಲ್ಲಿ ಅವರೊಬ್ಬರ ನೆನಪಿನಲ್ಲಿ ಮಾತ್ರ ಇರುತ್ತವೆ.

ಇಲ್ಲಿ ಡೆಂಗಿ ಜ್ವರವನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಕರ್ನಾಟಕದಲ್ಲಿ ಮುಂಗಾರಿನಿಂದ ನವೆಂಬರ್‌ವರೆಗೆ ಊರು, ನಗರಗಳೆನ್ನದೆ ಕಾಡುವ ಕಾಯಿಲೆ ಇದು. 2024ರಲ್ಲಿ ರಾಜ್ಯ ಸರಕಾರವೇ ಇದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು. ಒಂದು ವಾರದ ಜ್ವರ, ಅದರ ಬೆನ್ನಿಗೆ ಎರಡು ಮೂರು ವಾರಗಳ ನಿಶ್ಶಕ್ತಿ ಇರುವುದರಿಂದ ಮನೆಯ ದಿನಚರಿಯನ್ನು ಇದು ಕೆಡಿಸುವಷ್ಟು ನೆಗಡಿ, ಕೆಮ್ಮು ಕೆಡಿಸುವುದಿಲ್ಲ. ಇಲ್ಲಿ ಹೇಳಿದ ಕ್ರಮವನ್ನು ಟೈಫಾಯ್ಡ್, ಕಾಮಾಲೆ, ಶಸ್ತ್ರಚಿಕಿತ್ಸೆಯ ನಂತರದ ವಿಶ್ರಾಂತಿ ಮುಂತಾದ ಸಂದರ್ಭಗಳಿಗೂ ಹೊಂದಿಸಿಕೊಳ್ಳಬಹುದು. ಔಷಧ, ಪಥ್ಯಗಳ ವಿವರ ಮಾತ್ರ ಬೇರೆಯಾಗುತ್ತದೆ.

ಎಲ್ಲಕ್ಕಿಂತ ಮೊದಲು ಒಂದು ಮಾತನ್ನು ಒತ್ತಿ ಹೇಳಬೇಕು. ಎಂದಿನ ಕೆಲಸಗಳನ್ನೆಲ್ಲ ಉಳಿದವರು ಹೇಗೆ ಹಂಚಿಕೊಂಡು ಮಾಡಬೇಕು ಎಂದು ಯೋಚಿಸಲು ಹೊರಟರೆ ಆರಂಭವೇ ತಪ್ಪಾಗುತ್ತದೆ. ಯಾವ ಕೆಲಸವನ್ನು ಹತ್ತು ದಿನ ಬಿಟ್ಟರೂ ನಡೆಯುತ್ತದೆ ಎಂಬುದನ್ನು ಮೊದಲು ತೀರ್ಮಾನಿಸಿ, ಉಳಿದುದನ್ನು ಮಾತ್ರ ಹಂಚಬೇಕು. ಹೀಗೆ ಮಾಡದ ಮನೆಗಳಲ್ಲಿ ನಾಲ್ಕನೆಯ ದಿನಕ್ಕೆ ಶುಶ್ರೂಷೆ ಮಾಡುವವರೇ ಸೋತುಹೋಗಿರುತ್ತಾರೆ, ಡೆಂಗಿಯಲ್ಲಿ ಅತ್ಯಂತ ಎಚ್ಚರ ಬೇಕಾದ ದಿನಗಳು ಆರಂಭವಾಗುವುದೂ ಆಗಲೇ.

ಕೈಗೆ ಸಿಗುವಂತೆ ಇರಬೇಕಾದವು

ಒಂದು ಡಿಜಿಟಲ್ ಥರ್ಮಾಮೀಟರ್, ಪ್ಯಾರಾಸಿಟಮಾಲ್ ಮಾತ್ರೆ, ಮಕ್ಕಳಿದ್ದರೆ ಅವರ ತೂಕಕ್ಕೆ ವೈದ್ಯರು ಬರೆದುಕೊಟ್ಟ ಸಿರಪ್, ಐದಾರು ಒಆರ್‌ಎಸ್ ಪೊಟ್ಟಣಗಳು, ಸರಿಯಾಗಿ ಒಂದು ಲೀಟರ್ ಹಿಡಿಯುವ ಬಾಟಲಿ, ಸೊಳ್ಳೆಪರದೆ, ಒಂದು ನೋಟ್‌ಪುಸ್ತಕ ಮತ್ತು ದಾರ ಕಟ್ಟಿದ ಪೆನ್ನು. ಒಆರ್‌ಎಸ್ ಎಂದರೆ ಸಕ್ಕರೆ ಮತ್ತು ಲವಣಗಳನ್ನು ಗೊತ್ತಾದ ಪ್ರಮಾಣದಲ್ಲಿ ಬೆರೆಸಿದ ಪುಡಿ; ದೇಹ ಕಳೆದುಕೊಂಡ ನೀರನ್ನು ಮರಳಿ ತುಂಬಲು ಇದನ್ನು ಕುಡಿಸುತ್ತಾರೆ. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿದೆಯೇ ನೋಡಿ ಕೊಳ್ಳಿ. ಅದೇ ಸಾಲಿನಲ್ಲಿ ಇಟ್ಟಿರುವ ಸಿಹಿ ಪಾನೀಯಗಳ ಡಬ್ಬಿಗಳು ಒಆರ್‌ಎಸ್ ಅಲ್ಲ.

ಇದರ ಜೊತೆಗೆ ಒಂದು ಫೈಲಿನಲ್ಲಿ ಎಲ್ಲರ ಆಧಾರ್ ಪ್ರತಿ, ಆರೋಗ್ಯ ವಿಮೆಯ ಕಾರ್ಡು, ಪಡಿತರ ಚೀಟಿಯ ಪ್ರತಿ, ಹಳೆಯ ರಕ್ತಪರೀಕ್ಷೆಯ ವರದಿಗಳು, ಯಾರಿಗೆ ಯಾವ ಔಷಧ ಒಗ್ಗುವುದಿಲ್ಲ ಎಂಬ ಚೀಟಿ ಇರಲಿ.

1. ಮೊದಲ ಸಂಜೆ: ಒಬ್ಬರು ಹೊಣೆ ಹೊರಬೇಕು

ಜ್ವರ 101 ಡಿಗ್ರಿ ದಾಟಿ, ತಲೆನೋವು, ಕಣ್ಣಿನ ಹಿಂಭಾಗದ ನೋವು, ಮೈಕೈ ನೋವು ಕಾಣಿಸಿಕೊಂಡ ದಿನ ರಾತ್ರಿಯೇ ಮನೆಯವರು ಹದಿನೈದು ನಿಮಿಷ ಕುಳಿತು ಮಾತಾಡಬೇಕು. ನಾಳೆ ನೋಡೋಣ ಎಂದು ಮುಂದೂಡಬೇಡಿ. ಜ್ವರದ ಎರಡನೆಯ ದಿನ ರೋಗಿಗೆ ಪ್ರಶ್ನೆಗಳಿಗೆ ಉತ್ತರಿಸುವ ತ್ರಾಣವೂ ಇರುವುದಿಲ್ಲ.

ಮೊದಲ ತೀರ್ಮಾನ, ರೋಗಿಯ ಹೊಣೆ ಯಾರದು ಎಂಬುದು. ಎಲ್ಲರೂ ನೋಡಿಕೊಳ್ಳುತ್ತೇವೆ ಎಂದರೆ ಒಂದೇ ಮಾತ್ರೆಯನ್ನು ಇಬ್ಬರು ಕೊಡುವುದೋ, ಯಾರೂ ಕೊಡದೆ ಇರುವುದೋ ಆಗುತ್ತದೆ. ಹಗಲಿಗೆ ಒಬ್ಬರು, ರಾತ್ರಿಗೆ ಒಬ್ಬರು ಎಂದು ಹೆಸರು ಹಿಡಿದು ಗೊತ್ತುಮಾಡಿ. ಎರಡನೆಯದು, ಮನೆಯ ಹೊಣೆ ಯಾರದು ಎಂಬುದು. ಹೊಣೆ ಹೊತ್ತವರೇ ಎಲ್ಲವನ್ನೂ ಮಾಡಬೇಕೆಂದಿಲ್ಲ, ಆದರೆ ಇಂದು ರಾತ್ರಿಯ ಊಟ ಏನು, ನಾಳೆ ಮಗುವನ್ನು ಯಾರು ಕರೆತರುತ್ತಾರೆ ಎಂಬ ಪ್ರಶ್ನೆಗಳಿಗೆ ಉತ್ತರ ಅವರ ಬಳಿ ಇರಬೇಕು.

ಆಮೇಲೆ ಮಲಗಿದವರನ್ನು ಕೇಳಿ ಒಂದು ಪುಟದಲ್ಲಿ ಮನೆಯ ವಿವರಗಳನ್ನು ಬರೆದುಕೊಳ್ಳಿ. ಕುಡಿಯುವ ನೀರು ಯಾವ ದಿನ, ಎಷ್ಟು ಹೊತ್ತಿಗೆ ಬರುತ್ತದೆ, ಸಂಪಿನ ಮೋಟಾರ್ ಎಷ್ಟು ಹೊತ್ತು ಓಡಬೇಕು, ಗ್ಯಾಸ್ ಸಿಲಿಂಡರ್ ಯಾವ ಮೊಬೈಲ್ ಸಂಖ್ಯೆಯಿಂದ ಬುಕ್ ಆಗುತ್ತದೆ, ಹಸಿಕಸ ಒಣಕಸದ ಗಾಡಿ ಎಷ್ಟಕ್ಕೆ ಬರುತ್ತದೆ, ಶಾಲೆಯ ವ್ಯಾನ್ ಚಾಲಕರ ಸಂಖ್ಯೆ, ಕೆಲಸದವರ ಸಂಖ್ಯೆ, ಹಿರಿಯರ ಮಾತ್ರೆಗಳ ಹೆಸರು ಮತ್ತು ಹೊತ್ತು, ಈ ವಾರ ಕಟ್ಟಬೇಕಾದ ಬಿಲ್ಲು. ಈ ಪುಟವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಒಂದು ಫೋಟೋ ತೆಗೆದು ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ. ಅಂದಿನಿಂದ ಮಲಗಿದವರ ಕೋಣೆಯ ಬಾಗಿಲಲ್ಲಿ ನಿಂತು ಹುಣಸೆಹಣ್ಣು ಎಲ್ಲಿದೆ, ಸಮವಸ್ತ್ರ ಒಗೆದಿದೆಯೇ ಎಂದು ಕೇಳುವುದು ನಿಲ್ಲಬೇಕು. ಜ್ವರದ ನಡುವೆ ಹೀಗೆ ಹತ್ತು ಸಲ ಎಬ್ಬಿಸಿದರೆ ಅದನ್ನು ವಿಶ್ರಾಂತಿ ಎಂದು ಕರೆಯಲಾಗದು.

ಮೂರನೆಯದು, ಬಿಡುವ ಕೆಲಸಗಳ ಪಟ್ಟಿ. ಇಸ್ತ್ರಿ, ದಿನವೂ ನೆಲ ಒರೆಸುವುದು, ಎರಡು ಬಗೆಯ ಪಲ್ಯ, ಮಕ್ಕಳ ಸಂಗೀತ ಮತ್ತು ಈಜಿನ ತರಗತಿ, ಮದುವೆ ಮುಂಜಿಗಳ ಓಡಾಟ ಎಲ್ಲವನ್ನೂ ಹತ್ತು ದಿನ ಬದಿಗಿಡಬಹುದು. ದೇವರ ಪೂಜೆಯನ್ನು ಬಿಡಲು ಮನಸ್ಸಾಗದಿದ್ದರೆ ದೀಪ ಹಚ್ಚಿ ಕೈಮುಗಿಯುವಷ್ಟಕ್ಕೆ ಇಳಿಸಿ. ಮನೆಯ ಹಿರಿಯರೊಂದಿಗೆ ಈ ಮಾತನ್ನು ಮೊದಲ ದಿನವೇ ಮೆತ್ತಗೆ ಆಡಿ ಮುಗಿಸಿದರೆ ಮುಂದೆ ಯಾರಿಗೂ ನೋವಾಗುವುದಿಲ್ಲ. ಕುಡಿಯುವ ನೀರು, ಎರಡು ಹೊತ್ತಿನ ಊಟ, ಪಾತ್ರೆ, ಒಳ ಉಡುಪು ಮತ್ತು ಸಮವಸ್ತ್ರದ ಒಗೆತ, ಕಸ, ಎಲ್ಲರ ಔಷಧ, ಮಕ್ಕಳ ಸುರಕ್ಷತೆ ಇವಿಷ್ಟನ್ನು ಬಿಡುವಂತಿಲ್ಲ.

2. ಕೋಣೆ ಮತ್ತು ನೋಟ್‌ಪುಸ್ತಕ

ಸ್ನಾನದ ಮನೆಗೆ ಹತ್ತಿರವಿರುವ, ಗಾಳಿ ಬರುವ ಕೋಣೆಯನ್ನು ರೋಗಿಗೆ ಬಿಟ್ಟುಕೊಡಿ. ಡೆಂಗಿ ಒಬ್ಬರಿಂದ ಇನ್ನೊಬ್ಬರಿಗೆ ಮುಟ್ಟುವುದರಿಂದ, ಉಸಿರಿನಿಂದ ಹರಡುವುದಿಲ್ಲ. ತಟ್ಟೆ ಲೋಟ ಬೇರೆ ಮಾಡುವ ಅಗತ್ಯವಿಲ್ಲ. ಆದರೆ ಜ್ವರವಿರುವ ದಿನಗಳಲ್ಲಿ ರೋಗಿಯನ್ನು ಕಚ್ಚಿದ ಈಡಿಸ್ ಸೊಳ್ಳೆ ಮುಂದೆ ಮನೆಯ ಇತರರಿಗೆ ರೋಗವನ್ನು ದಾಟಿಸಬಲ್ಲದು. ಈ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಅದರಲ್ಲೂ ಬೆಳಗಿನ ಹೊತ್ತು ಮತ್ತು ಸಂಜೆ ಕತ್ತಲಾಗುವ ಮುನ್ನ. ಆದ್ದರಿಂದ ರೋಗಿ ಹಗಲು ಮಲಗಿದಾಗಲೂ ಸೊಳ್ಳೆಪರದೆ ಕಟ್ಟಿರಬೇಕು. ರಾತ್ರಿ ಮಾತ್ರ ಪರದೆ ಇಳಿಬಿಟ್ಟು ಹಗಲು ಮಡಿಸಿಡುವುದು ತುಂಬ ಮನೆಗಳಲ್ಲಿ ಕಾಣುವ ತಪ್ಪು.

ನೋಟ್‌ಪುಸ್ತಕದಲ್ಲಿ ಪ್ರತಿ ದಿನಕ್ಕೆ ಒಂದು ಪುಟ. ಎಡಗಡೆಯಿಂದ ಐದು ಕಲಮುಗಳು: ಹೊತ್ತು, ಜ್ವರ, ಕೊಟ್ಟ ಔಷಧ, ಕುಡಿದದ್ದು ತಿಂದದ್ದು, ಮೂತ್ರ. ಒಂದು ಸಾಲು ಹೀಗಿರುತ್ತದೆ: “ಬೆಳಿಗ್ಗೆ 6.15, 102.2, ಪ್ಯಾರಾಸಿಟಮಾಲ್ 650 ಒಂದು, ಗಂಜಿ ಅರ್ಧ ಲೋಟ, ವಾಂತಿ ಇಲ್ಲ, ಮೂತ್ರ ಒಮ್ಮೆ, ಗಾಢ ಹಳದಿ.” ಹಗಲಿನವರು ರಾತ್ರಿಯವರಿಗೆ ಹೊಣೆ ಒಪ್ಪಿಸುವಾಗ ಬಾಯಿಮಾತಿಗಿಂತ ಈ ಪುಟವನ್ನು ನಂಬಿ. ವೈದ್ಯರ ಮುಂದೆ ಕುಳಿತಾಗ ಜ್ವರ ಎಂದು ಶುರುವಾಯಿತು ಎಂಬ ಪ್ರಶ್ನೆಗೆ ಖಚಿತ ಉತ್ತರ ಕೊಡಲು ಇದೇ ಆಧಾರ, ಡೆಂಗಿಯಲ್ಲಿ ಎಲ್ಲ ನಿರ್ಧಾರಗಳೂ ಜ್ವರ ಬಂದು ಎಷ್ಟನೆಯ ದಿನ ಎಂಬುದರ ಮೇಲೆ ನಿಂತಿರುತ್ತವೆ.

3. ಔಷಧ: ಏನು ಕೊಡಬಾರದು ಎಂಬುದೇ ಮುಖ್ಯ

ಡೆಂಗಿಯ ವೈರಸ್ಸನ್ನು ಕೊಲ್ಲುವ ಔಷಧ ಇಲ್ಲ. ಜ್ವರ ಮತ್ತು ನೋವಿಗೆ ಪ್ಯಾರಾಸಿಟಮಾಲ್, ದೇಹಕ್ಕೆ ಸಾಕಷ್ಟು ದ್ರವ, ವಿಶ್ರಾಂತಿ, ಕಣ್ಗಾವಲು ಇವೇ ಚಿಕಿತ್ಸೆ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್, ಮಕ್ಕಳ ಜ್ವರಕ್ಕೆಂದು ಕೆಲವರು ಮನೆಯಲ್ಲಿಟ್ಟಿರುವ ಮೆಫೆನಾಮಿಕ್ ಆಸಿಡ್ ಸಿರಪ್ ಇವುಗಳನ್ನು ಡೆಂಗಿಯ ಅನುಮಾನ ಇರುವಾಗ ಕೊಡಲೇಬಾರದು. ಇವು ಹೊಟ್ಟೆಯೊಳಗೆ ರಕ್ತಸ್ರಾವವಾಗುವ ಅಪಾಯವನ್ನು ಹೆಚ್ಚಿಸುತ್ತವೆ. ಹೃದಯದ ತೊಂದರೆಗಾಗಿ ದಿನವೂ ಆಸ್ಪಿರಿನ್ ನುಂಗುವವರಿಗೆ ಡೆಂಗಿ ಬಂದರೆ ಮಾತ್ರೆಯನ್ನು ನೀವಾಗಿ ನಿಲ್ಲಿಸಲೂ ಬೇಡಿ, ಮುಂದುವರಿಸಲೂ ಬೇಡಿ, ಅದೇ ದಿನ ವೈದ್ಯರನ್ನು ಕೇಳಿ.

ಪ್ಯಾರಾಸಿಟಮಾಲನ್ನೂ ಲೆಕ್ಕವಿಟ್ಟು ಕೊಡಬೇಕು. ಎರಡು ಮಾತ್ರೆಗಳ ನಡುವೆ ಸಾಮಾನ್ಯವಾಗಿ ಆರು ಗಂಟೆ ಅಂತರವಿರಲಿ. ಆರೋಗ್ಯವಂತ ವಯಸ್ಕರಿಗೆ 24 ಗಂಟೆಗಳಲ್ಲಿ 4 ಗ್ರಾಂ ಮೇಲ್ಮಿತಿಯಾದರೂ ಡೆಂಗಿಯಲ್ಲಿ ಯಕೃತ್ತು, ಅಂದರೆ ಲಿವರ್, ಮೊದಲೇ ಬಳಲಿರುತ್ತದೆ. ಆದ್ದರಿಂದ ಆ ಮಿತಿಯ ಸಮೀಪಕ್ಕೂ ಹೋಗದೆ ವೈದ್ಯರು ಹೇಳಿದಷ್ಟನ್ನೇ ಕೊಡಿ. ಮಕ್ಕಳಿಗೆ ವಯಸ್ಸಿನ ಲೆಕ್ಕಕ್ಕಿಂತ ತೂಕದ ಲೆಕ್ಕ ಸರಿ, ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿಲಿಗ್ರಾಂ. ಇಲ್ಲಿ ಎಡವುವವರು ಬಹಳ ಮಂದಿ: ನೆಗಡಿಗೆಂದು ತರುವ ಮಿಶ್ರ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ. ಜ್ವರದ ಮಾತ್ರೆ ಒಂದು, ನೆಗಡಿಯ ಮಾತ್ರೆ ಒಂದು ಎಂದು ಕೊಟ್ಟಾಗ ಪ್ರಮಾಣ ಇಮ್ಮಡಿಯಾಗುತ್ತದೆ. ಹಾಳೆಯ ಹಿಂಬದಿಯಲ್ಲಿ ಬರೆದಿರುವುದನ್ನು ಓದದೆ ಯಾವ ಮಾತ್ರೆಯನ್ನೂ ಕೊಡಬೇಡಿ.

ಪಪ್ಪಾಯಿ ಎಲೆಯ ರಸದ ಬಗ್ಗೆ ಎಲ್ಲರೂ ಕೇಳುತ್ತಾರೆ. ವೈದ್ಯರನ್ನು ಕೇಳದೆ ಕೊಡಬೇಡಿ. ವಾಂತಿಯಾಗುತ್ತಿರುವವರಿಗೆ ಆ ಕಹಿ ರಸ ಕುಡಿಸಿದರೆ ಹೊಟ್ಟೆಯಲ್ಲಿದ್ದ ಗಂಜಿಯೂ ಹೊರಬರಬಹುದು. ಅದು ರಕ್ತಪರೀಕ್ಷೆಗಾಗಲಿ, ನೀರು ಕುಡಿಸುವುದಕ್ಕಾಗಲಿ ಬದಲಿಯಲ್ಲ.

4. ಪರೀಕ್ಷೆ, ಅಂಕಿಗಳು ಮತ್ತು ಜ್ವರ ಇಳಿಯುವ ದಿನ

ಜ್ವರದ ಮೊದಲ ಐದು ದಿನಗಳಲ್ಲಿ ಎನ್‌ಎಸ್‌1 ಪರೀಕ್ಷೆ ಮಾಡುತ್ತಾರೆ. ಇದು ರಕ್ತದಲ್ಲಿ ವೈರಸ್ಸಿನದೇ ಒಂದು ಪ್ರೋಟೀನನ್ನು ಹುಡುಕುವ ಪರೀಕ್ಷೆ. ಐದನೆಯ ದಿನದ ನಂತರ ಐಜಿಎಂ ಪರೀಕ್ಷೆ ಹೆಚ್ಚು ಉಪಯುಕ್ತ. ದೇಹ ವೈರಸ್ಸಿನ ವಿರುದ್ಧ ತಯಾರಿಸಿದ ಪ್ರತಿಕಾಯಗಳನ್ನು ಅದು ತೋರಿಸುತ್ತದೆ. 2024ರ ಜುಲೈನಲ್ಲಿ ರಾಜ್ಯ ಸರಕಾರ ಖಾಸಗಿ ಆಸ್ಪತ್ರೆ, ಪ್ರಯೋಗಾಲಯಗಳಿಗೆ ಎಲೈಸಾ ಎಂಬ ಪ್ರಯೋಗಾಲಯ ವಿಧಾನದ ಈ ಎರಡು ಪರೀಕ್ಷೆಗಳಿಗೆ ತಲಾ 300 ರೂಪಾಯಿ, ಬೇಗ ಫಲಿತಾಂಶ ಕೊಡುವ ರಾಪಿಡ್ ಕಾರ್ಡ್ ಪರೀಕ್ಷೆಗೆ 250 ರೂಪಾಯಿ ದರ ನಿಗದಿಮಾಡಿತ್ತು. ಪರೀಕ್ಷೆ ಮಾಡಿಸುವ ಮುನ್ನ ಈಗಿನ ದರ ಕೇಳಿಕೊಳ್ಳಿ.

ಇವುಗಳ ಜೊತೆಗೆ ಪ್ರತಿದಿನ ಅಥವಾ ವೈದ್ಯರು ಹೇಳಿದ ಅಂತರದಲ್ಲಿ ರಕ್ತಕಣಗಳ ಎಣಿಕೆ ಆಗುತ್ತದೆ. ಅದರಲ್ಲಿ ಎರಡು ಅಂಕಿಗಳು ಮುಖ್ಯ. ಪ್ಲೇಟ್‌ಲೆಟ್ ಎಂದರೆ ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣ; ಸಾಮಾನ್ಯವಾಗಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುತ್ತದೆ, ಡೆಂಗಿಯಲ್ಲಿ ಇಳಿಯುತ್ತದೆ. ಹೆಮಟೋಕ್ರಿಟ್ ಎಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲು. ರಕ್ತನಾಳಗಳಿಂದ ದ್ರವ ಹೊರಗೆ ಸೋರಿದಾಗ ಉಳಿದ ರಕ್ತ ಗಟ್ಟಿಯಾಗಿ ಈ ಅಂಕಿ ಏರುತ್ತದೆ. ಮನೆಯವರೆಲ್ಲ ಪ್ಲೇಟ್‌ಲೆಟ್ ಒಂದನ್ನೇ ಹಿಡಿದುಕೊಂಡು ಎಂಬತ್ತು ಸಾವಿರಕ್ಕೆ ಇಳಿಯಿತೆಂದು ರಾತ್ರಿಯೆಲ್ಲ ಕಂಗಾಲಾಗುತ್ತಾರೆ, ರಕ್ತ ಕೊಡುವವರನ್ನು ಹುಡುಕುತ್ತಾರೆ. ರಕ್ತಸ್ರಾವವಿಲ್ಲದಿದ್ದರೆ ಅದು ಸಾಮಾನ್ಯವಾಗಿ 10,000ಕ್ಕಿಂತ ಕೆಳಗೆ ಇಳಿದಾಗ ಮಾತ್ರ ಪ್ಲೇಟ್‌ಲೆಟ್ ಕೊಡುವ ವಿಚಾರ ಬರುತ್ತದೆ. ಹೆಮಟೋಕ್ರಿಟ್ ಏರುತ್ತಾ ಪ್ಲೇಟ್‌ಲೆಟ್ ರಭಸದಿಂದ ಇಳಿಯುತ್ತಿದ್ದರೆ ವೈದ್ಯರು ಜಾಗೃತರಾಗುತ್ತಾರೆ. ನೀವೂ ವರದಿ ನೋಡುವಾಗ ಈ ಎರಡನ್ನೂ ಜೊತೆಗಿಟ್ಟು ನೋಡಿ, ವೈದ್ಯರನ್ನು ಕೇಳಿ.

ಈ ಲೇಖನದಲ್ಲಿ ಒಂದೇ ಒಂದು ವಿಷಯವನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಡೆಂಗಿಯಲ್ಲಿ ಅಪಾಯದ ಅವಧಿ ಬರುವುದು ಜ್ವರ ಇಳಿಯುವ ಹೊತ್ತಿಗೆ. ಜ್ವರ ಆರಂಭವಾದ ಮೂರನೆಯ ದಿನದಿಂದ ಏಳನೆಯ ದಿನದೊಳಗೆ ಮೈ ತಣ್ಣಗಾಗುತ್ತದೆ. ಅಲ್ಲಿಂದ ಮುಂದಿನ 24ರಿಂದ 48 ಗಂಟೆಗಳಲ್ಲಿ ರಕ್ತನಾಳಗಳಿಂದ ದ್ರವ ಸೋರುವ ಸಂಭವ ಹೆಚ್ಚು. ಮನೆಯವರು ಸರಿಯಾಗಿ ಇದೇ ದಿನ ಜ್ವರ ಬಿಟ್ಟಿತೆಂದು ನೆಮ್ಮದಿಯಿಂದ ಆಫೀಸಿಗೆ ಹೊರಡುತ್ತಾರೆ, ಮಲಗಿದ್ದವರು ಎದ್ದು ಅಡುಗೆಮನೆಗೆ ಹೋಗುತ್ತಾರೆ. ಹಾಗಾಗಕೂಡದು. ನಿಮ್ಮಲ್ಲಿ ರಜೆ ಕಡಿಮೆ ಇದ್ದರೆ ಮೊದಲ ಎರಡು ದಿನಕ್ಕೆ ಅದನ್ನು ಖರ್ಚುಮಾಡದೆ ಈ ಎರಡು ದಿನಗಳಿಗೆ ಉಳಿಸಿಕೊಳ್ಳಿ.

ಹೊಟ್ಟೆಯಲ್ಲಿ ತೀವ್ರ ನೋವು, ಒಂದು ದಿನದಲ್ಲಿ ಮೂರು ಅಥವಾ ಹೆಚ್ಚು ಸಲ ವಾಂತಿ, ಒಸಡು ಅಥವಾ ಮೂಗಿನಿಂದ ರಕ್ತ, ಕಪ್ಪು ಮಲ, ವಾಂತಿಯಲ್ಲಿ ರಕ್ತ, ತೀರಾ ಜೋಂಪು ಅಥವಾ ಚಡಪಡಿಕೆ, ಏದುಸಿರು, ತಣ್ಣಗೆ ಬೆವರಿದ ಕೈಕಾಲು, ಆರು ಗಂಟೆ ಕಳೆದರೂ ಮೂತ್ರವಾಗದಿರುವುದು ಇವುಗಳಲ್ಲಿ ಯಾವುದೊಂದು ಕಂಡರೂ ರಾತ್ರಿಯೆನ್ನದೆ ಆಸ್ಪತ್ರೆಗೆ ಹೊರಡಬೇಕು. ಆಂಬುಲೆನ್ಸ್‌ಗೆ 108, ಸಲಹೆಗೆ ರಾಜ್ಯದ ಆರೋಗ್ಯ ಸಹಾಯವಾಣಿ 104. ಗರ್ಭಿಣಿಯರು, ಶಿಶುಗಳು, ವೃದ್ಧರು, ಸಕ್ಕರೆ ಕಾಯಿಲೆ, ಮೂತ್ರಪಿಂಡ ಅಥವಾ ಹೃದಯದ ಕಾಯಿಲೆ ಇರುವವರು ಈ ಲಕ್ಷಣಗಳಿಗಾಗಿ ಕಾಯದೆ ಜ್ವರದ ಆರಂಭದಲ್ಲೇ ವೈದ್ಯರನ್ನು ಕಾಣಬೇಕು.

5. ಅಡುಗೆ: ಒಂದು ಕುಕ್ಕರ್, ಮೂರು ತಟ್ಟೆ

ಕಾಯಿಲೆಯ ವಾರದಲ್ಲಿ ಅಡುಗೆ ಮಾಡುವವರನ್ನು ದಣಿಸುವುದು ರೋಗಿಯ ಪಥ್ಯ ಬೇರೆ, ಮಕ್ಕಳ ಊಟ ಬೇರೆ, ಹಿರಿಯರದು ಬೇರೆ ಎಂಬ ಏರ್ಪಾಡು. ಇದನ್ನು ಒಂದೇ ಒಲೆಗೆ ಇಳಿಸಬಹುದು. ಒಂದು ಲೋಟ ಅಕ್ಕಿ, ಅರ್ಧ ಲೋಟ ಹೆಸರುಬೇಳೆ ತೊಳೆದು, ಚಿಟಿಕೆ ಅರಿಸಿನ, ಅರ್ಧ ಚಮಚ ಜೀರಿಗೆ ಹಾಕಿ, ಆರು ಲೋಟ ನೀರಿನಲ್ಲಿ ಮೆತ್ತಗೆ ಬೇಯಿಸಿ. ಇದರಲ್ಲಿ ರೋಗಿಯ ಪಾಲನ್ನು ತೆಗೆದು, ಬಿಸಿನೀರು ಸೇರಿಸಿ, ಸೌಟಿನಿಂದ ಮಸೆದು, ಉಪ್ಪು ಹಾಕಿ ಕುಡಿಯುವ ಹದಕ್ಕೆ ತನ್ನಿ. ಮಕ್ಕಳ ಪಾಲಿಗೆ ತುಪ್ಪ, ಹುರಿದ ಗೋಡಂಬಿ, ಒಂದು ಹಪ್ಪಳ. ಸಕ್ಕರೆ ಕಾಯಿಲೆಯ ಹಿರಿಯರಿಗೆ ಇದರ ಪ್ರಮಾಣ ಕಡಿಮೆ ಮಾಡಿ, ಮೊಳಕೆಕಾಳಿನ ಪಲ್ಯವನ್ನೋ ಸೊಪ್ಪಿನ ಪಲ್ಯವನ್ನೋ ಹೆಚ್ಚು ಬಡಿಸಿ. ಒಮ್ಮೆ ಒಲೆ ಹಚ್ಚಿದರೆ ಮೂವರ ಊಟವೂ ಮುಗಿಯಿತು.

ಬೆಳಗಿಗೆ ಅಂಗಡಿಯಲ್ಲಿ ಸಿಗುವ ಇಡ್ಲಿ ಹಿಟ್ಟು ತಂದಿಡಿ. ಇಡ್ಲಿ ಎಲ್ಲರಿಗೂ ಆಗುತ್ತದೆ. ನಡುವೆ ಸಬ್ಬಕ್ಕಿ ಗಂಜಿ, ರಾಗಿ ಅಂಬಲಿ, ತಿಳಿಸಾರು, ಉಪ್ಪು ಹಾಕಿದ ಮಜ್ಜಿಗೆ, ಎಳನೀರು. ಒಂದು ವಾರ ಇವೇ ಅಡುಗೆಗಳು ಸುತ್ತಿ ಬಂದರೆ ಯಾರಿಗೂ ಏನೂ ಆಗುವುದಿಲ್ಲ, ಏನು ಮಾಡಲಿ ಎಂಬ ಚಿಂತೆಯಂತೂ ತಪ್ಪುತ್ತದೆ.

ಕುಡಿಸುವ ವಿಚಾರದಲ್ಲಿ ಒಂದೇ ಸಲ ದೊಡ್ಡ ಲೋಟ ತುಂಬಿಕೊಟ್ಟರೆ ವಾಂತಿಯಾಗುತ್ತದೆ. ಹಾಸಿಗೆಯ ಪಕ್ಕದಲ್ಲಿ ಸಣ್ಣ ಲೋಟವಿಟ್ಟು ಕಾಲು ಗಂಟೆಗೊಮ್ಮೆ ನಾಲ್ಕೈದು ಗುಟುಕು ಕುಡಿಸಿ. ಸಾಕಷ್ಟು ದ್ರವ ಹೋಗುತ್ತಿದೆಯೇ ಎಂಬುದಕ್ಕೆ ಮೂತ್ರವೇ ಸಾಕ್ಷಿ: ದಿನಕ್ಕೆ ನಾಲ್ಕರಿಂದ ಆರು ಸಲ, ತಿಳಿ ಬಣ್ಣದಲ್ಲಿ ಆಗುತ್ತಿದ್ದರೆ ಸರಿಯಾಗಿದೆ. ಒಆರ್‌ಎಸ್ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದೇ ಸಲ ಹಾಕಬೇಕು, ಒಂದೊಂದು ಲೋಟಕ್ಕೆ ಸ್ವಲ್ಪ ಸ್ವಲ್ಪ ಉದುರಿಸಬಾರದು. ಕಲಸಿದ್ದು 24 ಗಂಟೆಗಳಲ್ಲಿ ಮುಗಿಯದಿದ್ದರೆ ಚೆಲ್ಲಬೇಕು. ಪೊಟ್ಟಣ ಸಿಗದ ರಾತ್ರಿ ಒಂದು ಲೀಟರ್ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಮಟ್ಟ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ, ಅಂದಾಜಿನಲ್ಲಿ ಹಾಕಬೇಡಿ. ಹೃದಯ, ಮೂತ್ರಪಿಂಡದ ತೊಂದರೆ ಇರುವವರಿಗೆ ಎಷ್ಟು ದ್ರವ, ಎಳನೀರು ಕೊಡಬಹುದೇ ಎಂಬುದನ್ನು ವೈದ್ಯರೇ ಹೇಳಬೇಕು.

ಬೀಟ್‌ರೂಟ್ ಸಾರು, ದಾಳಿಂಬೆ ರಸ, ಕಡು ಕೆಂಪು ಶರಬತ್ತುಗಳನ್ನು ಆ ವಾರ ಬೇಡವೆನ್ನಿ. ಅವುಗಳಿಂದ ಕೆಡುಕೇನೂ ಇಲ್ಲ, ಆದರೆ ವಾಂತಿಯಾದಾಗ ಅದು ರಕ್ತವೋ ರಸವೋ ಎಂದು ನಿಮಗೂ ವೈದ್ಯರಿಗೂ ತಿಳಿಯದೆ ಹೋಗುತ್ತದೆ.

6. ಮಕ್ಕಳು, ಹಿರಿಯರು

ಮಕ್ಕಳಿಗೆ ಸತ್ಯವನ್ನು ಅವರ ವಯಸ್ಸಿಗೆ ತಕ್ಕಂತೆ ಹೇಳಿ: ಅಮ್ಮನಿಗೆ ಜ್ವರ, ಒಂದು ವಾರ ಮಲಗಿರಬೇಕು, ಆಮೇಲೂ ಸ್ವಲ್ಪ ದಿನ ಸುಸ್ತಿರುತ್ತದೆ. ಏನೂ ಹೇಳದೆ ಬಾಗಿಲು ಮುಚ್ಚಿದರೆ ಮಕ್ಕಳು ಹೆಚ್ಚು ಹೆದರುತ್ತಾರೆ. ಎಂಟು ಹತ್ತು ವರ್ಷದ ಮಗು ನೀರಿನ ಬಾಟಲಿ ತುಂಬಿಡುವುದು, ಸಮವಸ್ತ್ರ ತೆಗೆದಿಡುವುದು, ಅಜ್ಜಿಗೆ ಮಾತ್ರೆಯ ಹೊತ್ತು ನೆನಪಿಸುವುದನ್ನು ಸಂತೋಷದಿಂದ ಮಾಡುತ್ತದೆ. ಒಲೆ, ಬಿಸಿನೀರು, ರೋಗಿಗೆ ಔಷಧ ಕೊಡುವುದು ಮಾತ್ರ ಮಕ್ಕಳ ಕೆಲಸವಲ್ಲ. ತರಗತಿಯ ಶಿಕ್ಷಕರಿಗೆ ಒಂದು ಸಂದೇಶ ಕಳಿಸಿ, ಈ ವಾರ ಮಗುವನ್ನು ಕರೆದೊಯ್ಯಲು ಯಾರು ಬರುತ್ತಾರೆ ಎಂದು ಹೆಸರು ಸಹಿತ ಬರೆದು ತಿಳಿಸಿ.

ಒಬ್ಬರ ಜ್ವರದ ಗಲಾಟೆಯಲ್ಲಿ ಇನ್ನೊಬ್ಬರ ನಿತ್ಯದ ಔಷಧ ಮರೆತುಹೋಗುವುದು ನಾನು ಕಂಡ ಮನೆಗಳಲ್ಲೆಲ್ಲ ನಡೆದಿದೆ. ಅತ್ತೆಯವರ ರಕ್ತದೊತ್ತಡದ ಮಾತ್ರೆ ಮುಗಿದು ಮೂರು ದಿನವಾಗಿದ್ದರೂ ಸೊಸೆಗೆ ತೊಂದರೆ ಕೊಡುವುದು ಬೇಡವೆಂದು ಅವರು ಬಾಯಿ ಬಿಡುವುದಿಲ್ಲ. ಅದಕ್ಕೇ ಮನೆಯ ಹೊಣೆ ಹೊತ್ತವರು ಮೊದಲ ದಿನವೇ ಹಿರಿಯರ ಮಾತ್ರೆಗಳನ್ನು ಎಣಿಸಿ, ಹದಿನೈದು ದಿನಕ್ಕಾಗುವಷ್ಟು ತಂದಿಡಬೇಕು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಊಟದ ಹೊತ್ತು ತಪ್ಪಿದರೆ ಸಕ್ಕರೆ ಅಂಶ ಅಪಾಯಕರವಾಗಿ ಇಳಿಯಬಹುದು. ಮನೆಯಲ್ಲಿ ಎಷ್ಟೇ ಗಡಿಬಿಡಿಯಿದ್ದರೂ ಅವರ ತಟ್ಟೆ ಹೊತ್ತಿಗೆ ಸರಿಯಾಗಿ ಬರಲಿ.

7. ರಜೆ, ವಿಮೆ, ಹಣ

ಕಚೇರಿಗೆ ಫೋನಿನಲ್ಲಿ ತಿಳಿಸಿದ ಮೇಲೆಯೂ ಒಂದು ಇಮೇಲ್ ಅಥವಾ ಸಂದೇಶ ಬರೆಯಿರಿ. ಎಷ್ಟು ದಿನ, ಯಾವ ಕೆಲಸ ಯಾರ ಬಳಿ ಎಂಬುದು ಅದರಲ್ಲಿರಲಿ. ದಂಪತಿಗಳಿಬ್ಬರೂ ದುಡಿಯುವ ಮನೆಗಳಲ್ಲಿ ಒಬ್ಬರೇ ವಾರವಿಡೀ ರಜೆ ಹಾಕುವ ಬದಲು ಊರಿನಿಂದ ತಂದೆ ತಾಯಿ ಬರುವವರೆಗೆ ಮಾತ್ರ ಎಂದೋ, ಅರ್ಧ ದಿನಗಳ ಲೆಕ್ಕದಲ್ಲೋ ಹೊಂದಿಸಿಕೊಳ್ಳಿ.

ಗಾರ್ಮೆಂಟ್ಸ್, ಕಾರ್ಖಾನೆ, ಅಂಗಡಿಗಳಲ್ಲಿ ದುಡಿಯುವ, ತಿಂಗಳ ವೇತನ 21,000 ರೂಪಾಯಿವರೆಗೆ ಇರುವ ನೌಕರರು ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ; ಇದು ನೌಕರ ಮತ್ತು ಮಾಲೀಕ ಇಬ್ಬರೂ ವಂತಿಗೆ ಕಟ್ಟುವ ‘ನೌಕರರ ರಾಜ್ಯ ವಿಮಾ’ ಯೋಜನೆ. ವಂತಿಗೆಯ ಷರತ್ತು ಪೂರೈಸಿದವರಿಗೆ ಕಾಯಿಲೆಯ ದಿನಗಳಿಗೆ ವೇತನದ ಶೇ. 70ರಷ್ಟು, ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ. ಇದಕ್ಕೆ ಇಎಸ್‌ಐ ವೈದ್ಯರ ಪ್ರಮಾಣಪತ್ರ ಬೇಕು. ಖಾಸಗಿ ಕ್ಲಿನಿಕ್ಕಿನ ಚೀಟಿ ಮಾತ್ರ ಇಟ್ಟುಕೊಂಡು ಈ ಹಣ ಕಳೆದುಕೊಂಡವರಿದ್ದಾರೆ.

ಬಿಪಿಎಲ್ ಪಡಿತರ ಚೀಟಿಯ ಕುಟುಂಬಗಳಿಗೆ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಸೌಲಭ್ಯವಿದೆ. ತುರ್ತು ಸಂದರ್ಭ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗಲು ಸಾಮಾನ್ಯವಾಗಿ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುವುದರಿಂದ ಹತ್ತಿರದ ಸರಕಾರಿ ಆಸ್ಪತ್ರೆಯಿಂದಲೇ ಆರಂಭಿಸುವುದು ಒಳ್ಳೆಯದು.

ಖಾಸಗಿ ಆರೋಗ್ಯ ವಿಮೆ ಇದ್ದರೆ ಮೂರು ಮಾತು ತಿಳಿದಿರಲಿ. ಕ್ಯಾಶ್‌ಲೆಸ್ ಎಂದರೆ ವಿಮಾ ಕಂಪನಿಯೇ ಆಸ್ಪತ್ರೆಗೆ ನೇರವಾಗಿ ಹಣ ಕಟ್ಟುವ ವ್ಯವಸ್ಥೆ. ಟಿಪಿಎ ಎಂದರೆ ಕಂಪನಿ ಮತ್ತು ಆಸ್ಪತ್ರೆಗಳ ನಡುವೆ ಕಾಗದಪತ್ರ ನೋಡಿಕೊಳ್ಳುವ ಸಂಸ್ಥೆ. ಕೋಣೆ ಬಾಡಿಗೆಯ ಮಿತಿ ಎಂಬುದು ಹಲವು ಪಾಲಿಸಿಗಳಲ್ಲಿ ಅಡಗಿರುವ ಷರತ್ತು: ಮಿತಿಗಿಂತ ದುಬಾರಿ ಕೋಣೆ ತೆಗೆದುಕೊಂಡರೆ ಬಾಡಿಗೆಯ ವ್ಯತ್ಯಾಸ ಮಾತ್ರವಲ್ಲ, ವೈದ್ಯರ ಶುಲ್ಕ ಮುಂತಾದ ಇತರ ಖರ್ಚುಗಳಲ್ಲೂ ಅದೇ ಅನುಪಾತದಲ್ಲಿ ಕಡಿತ ಮಾಡುತ್ತಾರೆ. ದಾಖಲು ಮಾಡುವ ಗಳಿಗೆಯಲ್ಲಿ ಇದನ್ನು ಕೇಳದೆ ಒಳ್ಳೆಯ ಕೋಣೆಯೇ ಇರಲಿ ಎಂದುಬಿಟ್ಟವರು ಬಿಡುಗಡೆಯ ದಿನ ಸಾವಿರಾರು ರೂಪಾಯಿ ಕೈಯಿಂದ ಕಟ್ಟಬೇಕಾಗುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಸುತ್ತೋಲೆಯಂತೆ ಕ್ಯಾಶ್‌ಲೆಸ್ ಕೋರಿಕೆಗೆ ಕಂಪನಿ ಒಂದು ಗಂಟೆಯೊಳಗೆ, ಬಿಡುಗಡೆಯ ಅನುಮತಿಗೆ ಮೂರು ಗಂಟೆಯೊಳಗೆ ಉತ್ತರಿಸಬೇಕು. ತುರ್ತಾಗಿ ದಾಖಲಾದಾಗ ಕಂಪನಿಗೆ 24 ಗಂಟೆಗಳಲ್ಲಿ ತಿಳಿಸಬೇಕೆಂಬ ನಿಯಮ ಹೆಚ್ಚಿನ ಪಾಲಿಸಿಗಳಲ್ಲಿದೆ. ಈ ಫೋನು, ಕಾಗದದ ಕೆಲಸವನ್ನು ರೋಗಿಯ ಪಕ್ಕ ಕುಳಿತವರಿಗೆ ಹೊರಿಸಬೇಡಿ. ಬೇರೆ ಊರಿನಲ್ಲೋ ಅಮೆರಿಕದಲ್ಲೋ ಇರುವ ತಮ್ಮ, ತಂಗಿಯರು ದೂರದಿಂದಲೇ ಇದನ್ನು ಚೆನ್ನಾಗಿ ನಿಭಾಯಿಸಬಲ್ಲರು.

8. ನೆರವು ಕೇಳುವುದು, ನೋಡಲು ಬರುವವರು

ಸಂಕೋಚ ಬಿಡಿ. ನೆರೆಯವರು ಏನಾದರೂ ಬೇಕಿದ್ದರೆ ಹೇಳಿ ಎಂದಾಗ ಪರವಾಗಿಲ್ಲ ಎನ್ನದೆ ಒಂದು ನಿರ್ದಿಷ್ಟ ಕೆಲಸ ಹೇಳಿ: ಗುರುವಾರ ಸಂಜೆ ನಾಲ್ಕಕ್ಕೆ ಮಗುವನ್ನು ವ್ಯಾನಿನಿಂದ ಇಳಿಸಿಕೊಳ್ಳಿ, ನಾಳೆ ಮಧ್ಯಾಹ್ನ ಸಾರು ಕೊಡಿ. ನೋಡಲು ಬರುವ ನೆಂಟರಿಗೆ ಸಂಜೆ ಐದರಿಂದ ಆರರ ಹೊತ್ತನ್ನು ಗೊತ್ತುಮಾಡಿ ಮೊದಲೇ ತಿಳಿಸುವುದು ಅಗೌರವವಲ್ಲ. ಬಂದವರಿಗೆಲ್ಲ ಕಾಫಿ ತಿಂಡಿ ಮಾಡುತ್ತಾ ಕುಳಿತರೆ ಶುಶ್ರೂಷೆ ಮಾಡುವವರ ಅರ್ಧ ದಿನ ಅದಕ್ಕೇ ಹೋಗುತ್ತದೆ.

ಮನೆಗೆಲಸಕ್ಕೆ ಬರುವವರಿಂದ ಹೆಚ್ಚಿನ ಕೆಲಸ ಬೇಕಿದ್ದರೆ ಎಷ್ಟು ಹೊತ್ತು, ಎಷ್ಟು ಹಣ ಎಂಬುದನ್ನು ಮೊದಲೇ ಮಾತಾಡಿ. ಜ್ವರ ಅವರಿಗೇ ಬಂದರೆ ಸಂಬಳ ಹಿಡಿಯದೆ ರಜೆ ಕೊಡಿ; ಅವರ ಮನೆಯಲ್ಲೂ ನಡೆಸಬೇಕಾದ ಮನೆವಾರ್ತೆ ಇದೆ.

9. ಇನ್ನೊಬ್ಬರು ಮಲಗದಂತೆ

ಈಡಿಸ್ ಸೊಳ್ಳೆಯ ಮೊಟ್ಟೆ ಪೂರ್ಣ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಬೇಕು. ವಾರಕ್ಕೊಮ್ಮೆ ನಿಂತ ನೀರನ್ನೆಲ್ಲ ಚೆಲ್ಲಿ, ಪಾತ್ರೆಯ ಒಳಗೋಡೆ ಉಜ್ಜಿ ಒಣಗಿಸಿದರೆ ಈ ಸರಪಳಿ ಕಡಿಯುತ್ತದೆ. ಸಂಪಿನ ಮುಚ್ಚಳ, ನೀರು ತುಂಬಿಟ್ಟ ಡ್ರಮ್ಮು, ಹೂಕುಂಡದ ಕೆಳಗಿನ ತಟ್ಟೆ, ಫ್ರಿಜ್ಜಿನ ಹಿಂಭಾಗದ ನೀರಿನ ತಟ್ಟೆ, ತಾರಸಿಯ ಹಳೆಯ ಟಯರು ನೋಡಿ. ರೋಗಿಗೆಂದು ದಿನವೂ ತರಿಸಿದ ಎಳನೀರಿನ ಬುರುಡೆಗಳು ಹಿತ್ತಿಲಿನಲ್ಲಿ ಮಳೆನೀರು ತುಂಬಿಕೊಂಡು ಬಿದ್ದಿರುತ್ತವೆ. ಕುಡಿದ ಕೂಡಲೇ ಸೀಳಿ, ಕಸದ ಗಾಡಿಗೆ ಹಾಕಿ. ಇನ್ನೊಬ್ಬರಿಗೆ ಜ್ವರ ಕಾಣಿಸಿದರೆ ಅವರಿಗೆ ಬೇರೆ ಪುಟ ತೆರೆದು, ಮೊದಲ ದಿನವೆಂದು ಬರೆದು, ಮೇಲಿನ ಕ್ರಮವನ್ನು ಆರಂಭದಿಂದ ಅನುಸರಿಸಿ.

10. ಚೇತರಿಕೆ: ಕೆಲಸವನ್ನು ಮರಳಿ ಒಪ್ಪಿಸುವುದು

ಅಪಾಯದ ಅವಧಿ ದಾಟಿದ ಮೇಲೆ ಹಸಿವು ಮರಳುತ್ತದೆ, ಕೆಲವರಿಗೆ ಮೈಮೇಲೆ ಕೆಂಪು ಗುಳ್ಳೆಗಳೆದ್ದು ತುರಿಸುತ್ತದೆ, ಪ್ಲೇಟ್‌ಲೆಟ್ ತಾನಾಗಿ ಏರುತ್ತದೆ. ಆದರೆ ಶಕ್ತಿ ಅಷ್ಟು ಬೇಗ ಬರುವುದಿಲ್ಲ. ಮಾತ್ರೆಯಿಲ್ಲದೆ 48 ಗಂಟೆ ಜ್ವರವಿಲ್ಲದೆ, ವೈದ್ಯರು ಒಪ್ಪಿದ ಮೇಲೆಯೇ ಎದ್ದು ಓಡಾಡುವ ಮಾತು. ಕೆಲಸಕ್ಕೆ ಹೋಗುವುದಾದರೆ ಮೊದಲ ವಾರ ಅರ್ಧ ದಿನ ಸಿಗುತ್ತದೆಯೇ ಕೇಳಿ. ತುಂಬಿದ ಕುಕ್ಕರ್ ಇಳಿಸುವುದು, ನೀರಿನ ಬಿಂದಿಗೆ ಎತ್ತುವುದು, ಬಟ್ಟೆ ಹಿಂಡುವುದು ಇವನ್ನು ಎರಡು ವಾರವಾದರೂ ಉಳಿದವರೇ ಮಾಡಿ. ಪ್ರತಿ ಎರಡು ಮೂರು ದಿನಕ್ಕೆ ಒಂದೊಂದು ಕೆಲಸವನ್ನು ಮರಳಿ ಕೊಡಿ, ಸಂಜೆಯ ಹೊತ್ತಿಗೆ ತಲೆಸುತ್ತು, ಕಾಲುನೋವು ಬಂದರೆ ಅದನ್ನು ಹಿಂದಕ್ಕೆ ಪಡೆಯಿರಿ. ಎಲ್ಲವನ್ನೂ ಮರಳಿ ಕೊಡಲೇಬೇಕೆಂದೂ ಇಲ್ಲ. ಹತ್ತು ದಿನ ಮೋಟಾರ್ ಹಾಕಿದ, ಮಕ್ಕಳ ಡಬ್ಬಿ ಕಟ್ಟಿದ ಗಂಡ ಅದನ್ನು ಮುಂದೆಯೂ ಮಾಡಬಲ್ಲ, ಮಾಡಬೇಕು.

ಫ್ರಿಜ್ಜಿಗೆ ಅಂಟಿಸಿದ ಪುಟವನ್ನು ತೆಗೆಯಬೇಡಿ. ತಪ್ಪಾಗಿದ್ದ ಸಂಖ್ಯೆಗಳನ್ನು ತಿದ್ದಿ ಅಲ್ಲೇ ಬಿಡಿ. ಆಸ್ಪತ್ರೆಯಿಂದ ಬಂದ ನಂತರದ ಔಷಧ, ರಕ್ತಪರೀಕ್ಷೆಗಳ ಖರ್ಚನ್ನೂ ಹಲವು ಪಾಲಿಸಿಗಳು ಗೊತ್ತಾದ ದಿನಗಳವರೆಗೆ ಮರುಪಾವತಿ ಮಾಡುತ್ತವೆ, ಆದ್ದರಿಂದ ಮೂಲ ರಸೀದಿ, ಬಿಡುಗಡೆ ಪತ್ರ, ವೈದ್ಯರ ಚೀಟಿಗಳನ್ನು ನೋಟ್‌ಪುಸ್ತಕದೊಂದಿಗೆ ಅದೇ ಫೈಲಿನಲ್ಲಿಡಿ. ಖರ್ಚಾದ ಒಆರ್‌ಎಸ್ ಪೊಟ್ಟಣ, ಮಾತ್ರೆಗಳನ್ನು ತಂದು ಡಬ್ಬಿಗೆ ತುಂಬಿ, ಅವುಗಳ ಅವಧಿ ಮುಗಿಯುವ ತಿಂಗಳನ್ನು ಮುಚ್ಚಳದ ಮೇಲೆ ಬರೆದಿಡಿ.